ಧೈರ್ಯ ಹೇಳಿ ಎಂದು ಕರೆತಂದಿದ್ದರು

ಸಾವಿತ್ರಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್. ಹೆಸರನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಎಡ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಮುಗಿದು, ದಿನಕ್ಕೊಂದು ಹಾರ್ಮೋನ್ ಮಾತ್ರೆ ಮಾತ್ರ ಉಳಿದಿತ್ತು. ಗಂಡನ ಆಟೋ ಸಾಲ ಬಾಕಿಯಿತ್ತು. ಕೆಲಸದ ಮಾತೆತ್ತಿದರೆ ಅಳುತ್ತಾಳೆ, ಸ್ವಲ್ಪ ಧೈರ್ಯ ಹೇಳಿ ಎಂದು ಮನೆಯವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದಿದ್ದರು.

ಭಯ ಯಾವುದರದು ಎಂದು ಕೇಳಿದೆ. ಆಕೆ ಪರ್ಸಿನಿಂದ ಚಿಲ್ಲರೆ ತೆಗೆದು, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಉಜ್ಜಿದರು. "ಒಂದು ರೂಪಾಯಿಯೋ ಎರಡೋ, ನೋಡದೆ ಗೊತ್ತಾಗುವುದಿಲ್ಲ ಮೇಡಂ. ಸೂಜಿ ಕೆಳಗೆ ಬಟ್ಟೆ ಹೇಗೆ ತಳ್ಳಲಿ?"

ಕಿಮೋದಲ್ಲಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಗಳು ಬೆರಳುಗಳ ನರಗಳಿಗೆ ಪೆಟ್ಟು ಕೊಡುತ್ತವೆ. ಹಲವರಲ್ಲಿ ತಿಂಗಳುಗಳು ಕಳೆದಂತೆ ಮರಗಟ್ಟುವಿಕೆ ಕಡಿಮೆಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಸಾವಿತ್ರಿಗೆ ಧೈರ್ಯ ಕಡಿಮೆಯಿರಲಿಲ್ಲ. ಅನ್ನ ಕೊಡುವ ಬೆರಳುಗಳಿಗೆ ಏನಾಗಿದೆ ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ.

ಮೊದಲು ಕ್ಯಾನ್ಸರ್ ವೈದ್ಯರಿಗೆ ಇದನ್ನು ತೋರಿಸಿ ಎಂದೆ. ಪ್ರಮಾಣಪತ್ರದಲ್ಲಿ 'ಕೆಲಸಕ್ಕೆ ಅರ್ಹರು' ಎಂದಷ್ಟೇ ಇದ್ದರೆ ಸಾಲದು. ಸದ್ಯಕ್ಕೆ ಮಷೀನ್ ಬೇಡ, ಎಡಗೈಯಲ್ಲಿ ಬಂಡಲ್ ಎತ್ತುವುದು ಬೇಡ, ಇಸ್ತ್ರಿ ವಿಭಾಗದ ಬಿಸಿ ಬೇಡ ಎಂದು ಬಿಡಿಸಿ ಬರೆದುಕೊಡುವಂತೆ ಕೇಳಲು ಹೇಳಿದೆ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿರುವುದರಿಂದ ಆ ಕೈ ಊದಿಕೊಳ್ಳುವ ಸಂಭವ ವರ್ಷಗಳ ನಂತರವೂ ಇರುತ್ತದೆ. ಬಳೆ ಬಿಗಿಯಾದರೂ ವೈದ್ಯರ ಬಳಿ ಹೋಗಬೇಕು. "ಹಗುರ ಕೆಲಸ ಕೊಡಿ ಸರ್" ಎಂದು ಬೇಡಿಕೊಂಡರೆ ಸೂಪರ್‌ವೈಸರ್ ದಯೆಗೆ ಕಾಯಬೇಕಾಗುತ್ತದೆ. ವೈದ್ಯರ ಪತ್ರ ಆಡಳಿತ ವಿಭಾಗಕ್ಕೆ ಹೋಗಲಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ ಎಂದೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಷಯ ತೆಗೆದಾಗ ನನಗೆ ಸಂಕಟವಾಯಿತು. ಸಾಮಾನ್ಯ ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನ ಮಾತ್ರ. ಅದು ಮುಗಿದ ಮೇಲೆ ಆಕೆ ಸಂಬಳವಿಲ್ಲದ ರಜೆಯಲ್ಲಿದ್ದರು. ಕ್ಯಾನ್ಸರ್‌ನಂಥ ಕಾಯಿಲೆಗಳಿಗೆ ವಿಸ್ತೃತ ಅನಾರೋಗ್ಯ ಭತ್ಯೆ ಇದೆ: ಎರಡು ವರ್ಷ ವಿಮಾ ವ್ಯಾಪ್ತಿಯ ಕೆಲಸದಲ್ಲಿದ್ದು ವಂತಿಗೆಯ ಷರತ್ತು ಪೂರೈಸಿದವರಿಗೆ, ವೈದ್ಯರು ರಜೆ ಬೇಕೆಂದು ದೃಢೀಕರಿಸಿದರೆ, ಕೂಲಿಯ ಶೇ. 80ರಷ್ಟು, ಎರಡು ವರ್ಷದವರೆಗೂ. ಅರ್ಜಿ ಹಾಕಿದರು. ಹಣದ ಒತ್ತಡ ಸಡಿಲವಾದ ಮೇಲೆ ಯಾವಾಗ ಕೆಲಸಕ್ಕೆ ಹೋಗಬೇಕು ಎಂಬುದನ್ನು ಸಮಾಧಾನವಾಗಿ ಮಾತಾಡಲು ಸಾಧ್ಯವಾಯಿತು.

ಅತ್ತೆಯವರನ್ನೂ ಒಮ್ಮೆ ಬರಹೇಳಿದೆ. "ದುಡಿದರೆ ಮತ್ತೆ ಬರುತ್ತದೆ" ಎಂಬ ಹೆದರಿಕೆ ಅವರದು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಸೊಸೆಯ ಪಕ್ಕ ಕೂತವರು ಅವರೇ. ಗದರಿಸುವ ಮಾತೇ ಇರಲಿಲ್ಲ. ಕೆಲಸದಿಂದ ಕ್ಯಾನ್ಸರ್ ಮರಳುವುದಿಲ್ಲ, ಹದವರಿತ ಓಡಾಟದಿಂದ ಸುಸ್ತು ಕಡಿಮೆಯೇ ಆಗುತ್ತದೆ ಎಂದು ವಿವರಿಸಿದೆ. ಸಂಜೆಯ ಅಡುಗೆ ತಮಗಿರಲಿ ಎಂದು ತಾವಾಗಿಯೇ ಹೇಳಿದರು.

ಊಟದ ಹೊತ್ತಿನಲ್ಲಿ ಯಾರಾದರೂ ಡಬ್ಬಿ ದೂರ ಸರಿಸಿದರೆ ಎಂಬ ಅಳುಕೂ ಇತ್ತು. ಇದು ಅಂಟುರೋಗವಲ್ಲ. ಆದರೂ ಎಲ್ಲರಿಗೂ ವಿವರಣೆ ಕೊಡುತ್ತಾ ಕೂರಬೇಕಿಲ್ಲ. ನಂಬಿಕೆಯ ಒಬ್ಬಿಬ್ಬರಿಗೆ ಪೂರ್ತಿ ಹೇಳಿ. ಉಳಿದವರಿಗೆ "ಕಾಯಿಲೆಯಿತ್ತು, ಚಿಕಿತ್ಸೆ ಆಗಿದೆ" ಎಂದರೆ ಸಾಕು ಎಂದೆ. ಆ ಮಾತನ್ನು ನನ್ನೆದುರೇ ಹೇಳಿ ಹೇಳಿ ರೂಢಿ ಮಾಡಿಕೊಂಡರು.

ಈಗ ಚೆಕಿಂಗ್ ವಿಭಾಗದಲ್ಲಿದ್ದಾರೆ. ಟೈಲರ್ ಆಗಿದ್ದವಳು ದಾರ ಕತ್ತರಿಸುತ್ತಿದ್ದೇನೆ ಎಂಬ ಬೇಸರವಿದೆ. ಅದು ಸಹಜವಾದ ದುಃಖ, ನಾನು ಅಲ್ಲಗಳೆಯಲಿಲ್ಲ. ಅಲ್ಲೇ ಉಳಿದುಬಿಡಬಾರದೆಂದು, ಮೂರು ತಿಂಗಳ ನಂತರ ಬೆರಳುಗಳ ಸ್ಥಿತಿ ನೋಡಿ ಮಷೀನ್ ಕೆಲಸವನ್ನು ಮರುಪರಿಶೀಲಿಸಬೇಕು ಎಂಬ ಸಾಲನ್ನೂ ವೈದ್ಯರ ಪತ್ರದಲ್ಲಿ ಬರೆಸಿದ್ದೇವೆ.