ಓದುಗರ ಪ್ರಶ್ನೆ: ಮಣ್ಣಿನ ಅಣೆಕಟ್ಟು ಸೋರುವುದೆಲ್ಲಿ?

ಪ್ರಶ್ನೆ: ಜೇಡಿಮಣ್ಣಿನ ಕೋರ್ (ಅಣೆಕಟ್ಟಿನ ಒಳಗೆ ನೀರು ತಡೆಯುವ ಭಾಗ) ತುಂಬುವಾಗ ರೋಲರ್ ಹೆಚ್ಚು ಸಲ ಓಡಿಸಿದಷ್ಟೂ ಒಳ್ಳೆಯದಲ್ಲವೆ?

ಉತ್ತರ: ತೇವ ಸರಿಯಿಲ್ಲದಿದ್ದರೆ ಎಷ್ಟು ತುಳಿಸಿದರೂ ಅಷ್ಟೇ. ಒಣಗಿದ ಮಣ್ಣು ಹೆಂಟೆಹೆಂಟೆಯಾಗೇ ಉಳಿದು ನಡುವೆ ಸಂದು ಬಿಡುತ್ತದೆ. ಜಲಾಶಯಕ್ಕೆ ಮೊದಲ ಸಲ ನೀರು ಬಂದಾಗ ಆ ಪದರ ಕುಸಿದು ಬಿರುಕು ಬೀಳಬಹುದು. ಅತಿ ಹಸಿಯಾದರೆ ರೋಲರ್ ಚಕ್ರದ ಮುಂದೆ ನೆಲ ರಬ್ಬರಿನಂತೆ ಉಬ್ಬಿ ಇಳಿಯುತ್ತದೆ. ಪ್ರಾಕ್ಟರ್ ಪರೀಕ್ಷೆಯಲ್ಲಿ (ಎಷ್ಟು ತೇವಕ್ಕೆ ಮಣ್ಣು ಅತಿ ದಟ್ಟವಾಗಿ ಕೂರುತ್ತದೆಂದು ತಿಳಿಸುವ ಪರೀಕ್ಷೆ) ಸಿಗುವ ಹದಕ್ಕೆ ಸಮ, ಅಥವಾ ಶೇ 2ರಷ್ಟು ಹೆಚ್ಚು ತೇವ ಇದ್ದರೆ ಕೋರ್‌ಗೆ ಒಳ್ಳೆಯದು. ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿ: ಎಳೆ 3 ಮಿ.ಮೀ.ಗೆ ಬರುವ ಹೊತ್ತಿಗೆ ಮುರಿಯತೊಡಗಿದರೆ ಹದ ಹತ್ತಿರದಲ್ಲಿದೆ ಎಂದು ಅಂದಾಜಿಸಬಹುದು. ಇದು ಪ್ರಯೋಗಾಲಯಕ್ಕೆ ಬದಲಿಯಲ್ಲ, ಆದರೆ ಹದ ತಪ್ಪಿದ ಮಣ್ಣಿನ ಲಾರಿ ವಾಪಸು ಕಳಿಸಲು ಸಾಕು.

ತುಳಿದ ಪದರ ಸುಮಾರು 15 ಸೆಂ.ಮೀ. ಇರಲಿ. ಕುರಿಗೊರಸಿನ ರೋಲರ್ (ಉರುಳೆಗೆ ಗೊರಸಿನಂಥ ಗೂಟಗಳಿರುವುದು) ಸಾಮಾನ್ಯವಾಗಿ 6ರಿಂದ 8 ಸಲ ಓಡಿದರೆ ಸಾಕು. ನಿಖರ ಸಂಖ್ಯೆಯನ್ನು ಪ್ರಯೋಗಕ್ಕೆಂದು ತುಂಬಿದ ಸಣ್ಣ ತುಂಡಿನಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆ ಬಂದೋ ಲಾರಿ ಓಡಾಡಿಯೋ ಮೇಲ್ಮೈ ನುಣುಪಾಗಿದ್ದರೆ ಕೆರೆದು, ಒಣಗಿದ್ದರೆ ನೀರು ಚಿಮುಕಿಸಿ, ಆಮೇಲೆ ಮುಂದಿನ ಪದರ. ಇಲ್ಲದಿದ್ದರೆ ಎರಡು ಪದರಗಳ ನಡುವೆ ನೀರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಪ್ರಶ್ನೆ: ತಳದ ಬಂಡೆಗೆ ಆಳದವರೆಗೆ ಗ್ರೌಟ್ ಮಾಡಿದ (ಬಿರುಕುಗಳಿಗೆ ಸಿಮೆಂಟು ರಾಡಿ ಒತ್ತಿ ತುಂಬಿದ) ಮೇಲೆ ತಳದ ಚಿಂತೆ ಬಿಡಬಹುದೆ?

ಉತ್ತರ: ಬಿಡಬಾರದು. ಅಮೆರಿಕದ ಐಡಾಹೊದ ಟೀಟನ್ ಅಣೆಕಟ್ಟಿಗೆ ಗ್ರೌಟ್ ಪರದೆ ಇತ್ತು. ಆದರೂ 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ ಒಡೆದು 11 ಜನ ಸತ್ತರು. ಕೋರ್‌ಗೆ ಹಾಕಿದ್ದು ಗಾಳಿ ತಂದು ಹರಡಿದ, ಸುಲಭವಾಗಿ ಕೊಚ್ಚಿಹೋಗುವ ನುಣ್ಣನೆ ಮಣ್ಣು; ಅದು ಕೂತಿದ್ದ ಬಂಡೆಯ ಮೇಲ್ಮೈ ಬಿರುಕುಗಳನ್ನು ಸರಿಯಾಗಿ ಮುಚ್ಚಿರಲಿಲ್ಲ; ಕೊಚ್ಚಿಹೋಗುವ ಮಣ್ಣನ್ನು ಹಿಡಿದಿಡಲು ತಕ್ಕ ಫಿಲ್ಟರೂ (ನೀರು ಬಿಟ್ಟು ಮಣ್ಣು ತಡೆಯುವ ಪದರ) ಇರಲಿಲ್ಲ. ಹಾಗಾಗಿ ಬಂಡೆಯನ್ನು ಗಾಳಿ, ನೀರಿನಿಂದ ತೊಳೆದು, ಸಂದಿಗೆ ಸಿಮೆಂಟು ರಾಡಿ, ಗುಂಡಿಗೆ ಕಾಂಕ್ರೀಟು ತುಂಬಿ, ಚಾಚಿಕೊಂಡ ಬಂಡೆಯಂಚನ್ನು ಕಡಿದು ಇಳಿಜಾರು ಮಾಡಬೇಕು. ಬಂಡೆಗೆ ತಾಗುವ ಮೊದಲ ಮಣ್ಣು ತುಸು ಹಸಿ, ಜಿಗುಟು ಇರಲಿ. ಕುರಿಗೊರಸು ಅಲ್ಲಿ ಬೇಡ, ಕೈಯಂತ್ರದಿಂದ ತೆಳು ಪದರಗಳಲ್ಲಿ ಬಡಿಯಿರಿ. ಕೋರ್‌ನ ಜಲಾಶಯಕ್ಕೆ ಎದುರಾದ ಹೊರಪಕ್ಕದಲ್ಲಿ, ಅಂದರೆ ಕೆಳಹರಿವಿನ ಕಡೆ, ಶುದ್ಧ ಮರಳಿನ ಫಿಲ್ಟರ್ ಕಡ್ಡಾಯ. ಅದರಲ್ಲಿ ಧೂಳಿನಂಥ ನುಣ್ಣನೆ ಕಣ ಶೇ 5 ದಾಟಿದರೆ ಫಿಲ್ಟರೂ ಬಿರುಕು ಬಿಟ್ಟು ಹಾಗೇ ನಿಂತುಬಿಡುತ್ತದೆ. ಶುದ್ಧ ಮರಳಾದರೆ ಜಾರಿಬಂದು ಸಂದನ್ನು ತಾನೇ ಮುಚ್ಚುತ್ತದೆ.

ಪ್ರಶ್ನೆ: ಬೆಂಟೊನೈಟ್ (ನೀರಲ್ಲಿ ಉಬ್ಬುವ ಜೇಡಿ) ರಾಡಿ ತುಂಬಿ ತೋಡುವ ಕಟ್‌ಆಫ್ ಗೋಡೆಯಲ್ಲಿ (ಅಣೆಕಟ್ಟಿನಡಿ ಸೋರುವ ನೀರು ತಡೆಯಲು ನೆಲದೊಳಗೆ ಕಟ್ಟುವ ಗೋಡೆ) ಎಡವುವುದೆಲ್ಲಿ?

ಉತ್ತರ: ರಾಡಿಯ ಮಟ್ಟ ಅಂತರ್ಜಲಕ್ಕಿಂತ ಕನಿಷ್ಠ 1 ಮೀಟರ್ ಮೇಲಿರಬೇಕು, ಇಳಿದರೆ ತೋಡಿದ ಕಾಲುವೆಯ ಬದಿ ಕುಸಿಯುತ್ತದೆ. ಕಾಂಕ್ರೀಟ್ ಸುರಿಯುವ ಮೊದಲು ರಾಡಿಯ ಮರಳು ತೆಗೆಯಿರಿ. ಟ್ರೆಮಿ ಪೈಪಿನ (ರಾಡಿಯ ತಳಕ್ಕೆ ಕಾಂಕ್ರೀಟ್ ಇಳಿಸುವ ಕೊಳವೆ) ಬಾಯಿ ಸದಾ 2-3 ಮೀಟರ್ ಕಾಂಕ್ರೀಟಿನೊಳಗೇ ಇರಲಿ. ಅವಸರದಲ್ಲಿ ಮೇಲೆಳೆದರೆ ನಡುವೆ ರಾಡಿಯ ಪದರ ಸಿಕ್ಕಿಕೊಂಡು ಗೋಡೆಗೇ ಕಿಟಕಿಯಾಗುತ್ತದೆ. ಇನ್ನೊಂದು ಮಾತು: ರಾಡಿ ತುಂಬಿದ ಕಾಲುವೆ ದೂರದಿಂದ ಒದ್ದೆ ನೆಲದಂತೆಯೇ ಕಾಣುತ್ತದೆ. ಸುತ್ತ ಕಟಕಟೆ, ರಾತ್ರಿ ದೀಪ ಇಲ್ಲದೆ ಕೆಲಸ ಶುರುಮಾಡಬೇಡಿ.