‘ಹಠ’ ಕಥೆಯ ಲೇಖಕರಿಗೆ

ಪ್ರಿಯರೇ,

ಪಾಲುಪತ್ರಕ್ಕೆ ಸಹಿ ಹಾಕಲೊಪ್ಪದ ಅಪ್ಪ, ಒಪ್ಪಿಸಲು ಹೊರಟ ಇಬ್ಬರು ಗಂಡುಮಕ್ಕಳು. ನಿಮ್ಮ ಕಥೆಯ ವಸ್ತು ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಎಂಟು ಪುಟಗಳಲ್ಲಿ ‘ಹಠ’ 23 ಸಲ ಬಂದಿದೆ. ಅಪ್ಪನದೂ ಹಠ, ದೊಡ್ಡವನದೂ ಹಠ, ಚಿಕ್ಕವನದೂ ಹಠ. ಚೆಂಡು ಬೇಕೆಂದು ಮೊಮ್ಮಗು ಅತ್ತರೂ ಹಠ. ಇಷ್ಟರಲ್ಲಿ ಪದ ಸರಿಯಾಗಿ ಕೂತಿರುವುದು ಮೊಮ್ಮಗುವಿಗೆ ಮಾತ್ರ.

ಬೇಕೆಂದರೆ ಬೇಕೇ, ಕಾರಣ ಕೇಳಬಾರದು: ಅದು ಹಠ. ನಿಮ್ಮ ಅಪ್ಪನಿಗೆ ಕಾರಣವಿದೆ. ತಾನಿರುವಷ್ಟು ದಿನ ಜಮೀನು ಒಡೆಯಬಾರದು ಎನ್ನುತ್ತಾನೆ. ಹಾಗಾಗಿ ಅವನು ಪಟ್ಟು ಹಿಡಿದಿದ್ದಾನೆ. ಕುಸ್ತಿಯಲ್ಲೂ ಆಡುವ ಮಾತಿದು. ಪಟ್ಟನ್ನು ಬಿಗಿ ಮಾಡಬಹುದು, ಸಡಿಲಿಸಲೂಬಹುದು. ಕೊನೆಯಲ್ಲಿ ಅವನು ಮೆತ್ತಗಾಗುವುದಕ್ಕೆ ಈ ಪದ ಮೊದಲೇ ದಾರಿ ಮಾಡಿಕೊಡುತ್ತದೆ. ಅದೇ ನಡತೆ ಮಕ್ಕಳ ಬಾಯಲ್ಲಿ ‘ಮೊಂಡುತನ’ ಆಗಲಿ. ಹರಿತವಿಲ್ಲದ ಅಲಗು ಮೊಂಡು. ಎಷ್ಟು ಹೇಳಿದರೂ ತಲೆಗೆ ಹೋಗದವನು ಮೊಂಡ. ಅದು ಬೈಗುಳ, ನಿರೂಪಕ ಆಡುವ ಮಾತಲ್ಲ.

ಅಣ್ಣತಮ್ಮಂದಿರ ನಡುವೆ ಇರುವುದು ಜಿದ್ದು. ಅದಕ್ಕೆ ಎದುರಾಳಿ ಬೇಕೇ ಬೇಕು. ತಮ್ಮ ‘ನನಗೆ ಪಾಲೇ ಬೇಡ’ ಎಂದ ಗಳಿಗೆಗೆ ಅಣ್ಣನ ಜಿದ್ದಿಗೆ ನೆಲವಿಲ್ಲ. ಆರನೇ ಪುಟದಲ್ಲಿ ಇದು ನಡೆದೇ ಹೋಗಿದೆ, ನೀವು ಗಮನಿಸಿಲ್ಲ. ಇನ್ನು, ‘ಹಠ ಸಾಧಿಸಿದ’ ಎಂದರೆ ಅಂದುಕೊಂಡದ್ದನ್ನು ಮಾಡಿ ಮುಗಿಸಿದ. ‘ಅಣ್ಣನ ಮೇಲೆ ಹಠ ಸಾಧಿಸಿದ’ ಎಂದರೆ ಹಗೆ. ಒಂದು ‘ಮೇಲೆ’ಯಿಂದ ಅರ್ಥ ತಿರುಗುತ್ತದೆ. ನೀವು ಎರಡನ್ನೂ ಬೆರೆಸಿದ್ದೀರಿ.

‘ಛಲ’ವನ್ನು ಅಪ್ಪನಿಗೆ ಅಂಟಿಸುವ ಆಸೆ ಬಂದರೆ ತಡೆಯಿರಿ. ಸಂಸ್ಕೃತದಲ್ಲಿ ಮೋಸ ಎಂಬರ್ಥದ ಈ ಪದ ಕನ್ನಡದಲ್ಲಿ ಮೆಚ್ಚುಗೆಯ ಮಾತಾಗಿದೆ. ಪಂಪ ಗುಣಗಳಿಗೊಬ್ಬೊಬ್ಬರನ್ನು ಹೆಸರಿಸುವಾಗ ಛಲಕ್ಕೆ ದುರ್ಯೋಧನನನ್ನೇ ಆರಿಸಿದ. ಆ ಪದ ಬಳಸಿದರೆ ನೀವು ಅಪ್ಪನ ಪರ ತೀರ್ಪು ಕೊಟ್ಟಂತೆ.

ಇದಕ್ಕಿಂತ ದೊಡ್ಡ ತೊಂದರೆ ಮೂರನೇ ಪುಟದಲ್ಲಿದೆ: ‘ಅಪ್ಪ ಉದ್ದೇಶಪೂರ್ವಕವಾಗಿ ಹಠದಿಂದ ಊಟ ಮಾಡಲಿಲ್ಲ.’ ‘ಉದ್ದೇಶಪೂರ್ವಕ’ ದೂರು ಅರ್ಜಿಯ ಭಾಷೆ. ಮನೆಯಲ್ಲಿ ‘ಬೇಕಂತಲೇ’ ಎನ್ನುತ್ತೇವೆ. ಹಾಗಂತ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಮುಗಿಯಲಿಲ್ಲ. ‘ಬೇಕಂತಲೇ’ ಎನ್ನುವುದು ನೋಡುವವನ ಅನುಮಾನ. ಅದನ್ನು ಸೊಸೆ ಗಂಡನ ಕಿವಿಯಲ್ಲಿ ಹೇಳಲಿ. ನಿರೂಪಣೆಯಲ್ಲಿ ಕೆಲಸವಷ್ಟೇ ಕಾಣಲಿ: ‘ಅಪ್ಪ ತಟ್ಟೆ ಸರಿಸಿ, ಎರಡು ಲೋಟ ನೀರು ಕುಡಿದು, ಕೈ ತೊಳೆಯಲು ಎದ್ದ.’ ಊಟ ಮಾಡದವನು ಕೈ ತೊಳೆಯುವುದರಲ್ಲೇ ಬೇಕಂತ ಮಾಡಿದ್ದು ಗೊತ್ತಾಗುತ್ತದೆ.

ತಿದ್ದುವಾಗ ಮೊದಲು 23 ‘ಹಠ’ಗಳಿಗೂ ಗುರುತು ಹಾಕಿ. ಯಾರು ಯಾರನ್ನು ಹಾಗೆನ್ನುತ್ತಿದ್ದಾರೆ ಎಂದು ಅಂಚಿನಲ್ಲಿ ಬರೆಯಿರಿ. ಹೇಳುವವರು ಯಾರೂ ಸಿಗದ ಕಡೆ ಪದವನ್ನು ಹೊಡೆದುಹಾಕಿ. ಸಂಭಾಷಣೆಯಲ್ಲಿ ನಾಲ್ಕೈದು ಉಳಿದರೆ ಸಾಕು. ಶೀರ್ಷಿಕೆಯೂ ಬದಲಾಗಬೇಕು, ಓದುಗ ಕಂಡುಕೊಳ್ಳಬೇಕಾದ್ದನ್ನು ಅದು ಮೊದಲೇ ಹೇಳಿಬಿಡುತ್ತಿದೆ. ಅಂದಹಾಗೆ ‘ಹಟ’, ‘ಹಠ’ ಎರಡೂ ಬಳಕೆಯಲ್ಲಿವೆ, ಯಾವುದಾದರೂ ಸರಿ. ಒಂದೇ ಪ್ಯಾರಾದಲ್ಲಿ ಎರಡನ್ನೂ ಬರೆಯಬೇಡಿ.

ಸಂಪಾದಕರು