ಹಿಸ್ಸೆ ಎರಡು ಪುಟಕ್ಕೆ ಮುಗಿಯುವುದಿಲ್ಲ

ಮಾನ್ಯರೇ,

ಶರಾವತಿ ನದಿಯ ಲಿಂಗನಮಕ್ಕಿ ಜಲಾಶಯದಲ್ಲಿ ಊರು ಮುಳುಗಿ, ಹೊಸನಗರದ ಕಾಡಂಚಿಗೆ ಬಂದು ಅಡಿಕೆ ತೋಟ ಎಬ್ಬಿಸಿದ ಕುಟುಂಬದ ಬಗ್ಗೆ ನೀವು ಬರೆಯಲು ಹೊರಟಿರುವ ಕಾದಂಬರಿಯ ಇಪ್ಪತ್ತೆರಡು ದೃಶ್ಯಗಳ ಯೋಜನೆಯನ್ನೂ ಮೊದಲ ಮೂರು ಅಧ್ಯಾಯಗಳನ್ನೂ ಎರಡು ಸಲ ಓದಿದೆ. ಈಗಿರುವಂತೆ ಇದನ್ನು ನಾವು ಪ್ರಕಟಿಸಲಾರೆವು. ನಿಮ್ಮ ಭಾಷೆಯಲ್ಲಿ ಕೊರತೆಯಿಲ್ಲ. ಆದರೆ ನಿಮ್ಮ ಪಾತ್ರಗಳಲ್ಲಿ ಯಾರಿಗೂ ಇನ್ನೊಬ್ಬರಿಂದ ಏನೂ ಬೇಕಾಗಿಲ್ಲ.

ಇಡೀ ಹಸ್ತಪ್ರತಿಯಲ್ಲಿ ಜೀವ ತುಂಬಿರುವ ಜಾಗ ಒಂದೇ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸೊಬ್ಬಳು ಕೂಲಿಯ ಲೆಕ್ಕಕ್ಕೆ ಅಳೆಯುವ ತನ್ನ ಡಬ್ಬ ತುಂಬಿದೆ ಎನ್ನುತ್ತಾಳೆ, ಅತ್ತಿಗೆ ಇನ್ನೂ ಎರಡು ಬೊಗಸೆ ಬೇಕು ಎನ್ನುತ್ತಾಳೆ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಹಿಂದೆಯೂ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು ಇತ್ತು ಎಂಬುದು ನಮ್ಮ ಸೀಮೆಯವರಿಗೆ ಗೊತ್ತಿರುವ ಸಂಗತಿಯೇ. ನೀವು ಮಾತ್ರ ಆ ಮಾತುಕತೆಯನ್ನು ಅರ್ಧ ಪುಟದಲ್ಲಿ ಬಿಟ್ಟು ಮಳೆಯ ವರ್ಣನೆಗೆ ಹೋಗಿದ್ದೀರಿ. ಅದರ ಬದಲಿಗೆ ಹನ್ನೆರಡನೆಯ ದೃಶ್ಯದಲ್ಲಿ ಕುಡಿದು ಬಂದವನೊಬ್ಬನಿಂದ ಹೊಡೆದಾಟ ಮಾಡಿಸಿದ್ದೀರಿ. ಆ ಹೊಡೆದಾಟದಿಂದ ಯಾರ ಬದುಕೂ ಕದಲುವುದಿಲ್ಲ, ಆದ್ದರಿಂದ ಅದನ್ನು ತೆಗೆಯಿರಿ.

ಒಂಬತ್ತನೆಯ ದೃಶ್ಯವನ್ನೇ ನೋಡಿ. ಬೆಂಗಳೂರಿನಿಂದ ಬಂದ ತಮ್ಮ ತೋಟದಲ್ಲಿ ತನ್ನ ಪಾಲಿನ ಹಿಸ್ಸೆ ಕೇಳುತ್ತಾನೆ, ಅಣ್ಣ ಕಣ್ಣೀರು ಹಾಕಿ ಒಪ್ಪುತ್ತಾನೆ, ಎರಡು ಪುಟದಲ್ಲಿ ಎಲ್ಲ ಮುಗಿಯುತ್ತದೆ. ಇದೇ ಮಾತುಕತೆಯನ್ನು ಆಷಾಢದಲ್ಲಿ ಮಳೆ ಬಿಡುವು ಕೊಟ್ಟ ಒಂದು ಹೊಳವಿನ ಮಧ್ಯಾಹ್ನಕ್ಕೆ ತನ್ನಿ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಎರಡನೆಯ ಸುತ್ತು ಈಗಾಗಲೇ ತಡವಾಗಿದೆ, ನೂರು ಲೀಟರಿಗೆ ಒಂದೊಂದು ಕಿಲೋದಂತೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿಟ್ಟಾಗಿದೆ, ಮರ ಹತ್ತುವವನು ಸಿಕ್ಕಿರುವುದು ಆ ಒಂದು ಹೊತ್ತಿಗೆ ಮಾತ್ರ. ತಮ್ಮನಿಗೆ ಅದೇ ರಾತ್ರಿ ಬಸ್ಸು ಇದೆ, ಅದಕ್ಕೆ ಮೊದಲು ಅಣ್ಣನ ಸಹಿ ಬೇಕು. ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರನಿಂದ ಅಣ್ಣ ತೆಗೆದುಕೊಂಡ ಮುಂಗಡ ಆಗಲೇ ಖರ್ಚಾಗಿದೆ ಎಂಬುದು ಅತ್ತಿಗೆಗೆ ಗೊತ್ತು, ಮೈದುನನಿಗೆ ಗೊತ್ತಿಲ್ಲ. ಕಾಯಿ ಉದುರಿದರೆ ಸಾಲ ಅಣ್ಣನ ತಲೆಗೆ ಬರುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ, ಇಬ್ಬರ ಅವಸರವೂ ನ್ಯಾಯವಾದದ್ದು, ಮೋಡ ಮಾತ್ರ ಕಾಯುವುದಿಲ್ಲ. ಹೀಗಾದಾಗ ನಿಮ್ಮ ಮಳೆಯ ವರ್ಣನೆಯನ್ನು ಓದುಗ ಉಸಿರು ಬಿಗಿಹಿಡಿದು ಓದುತ್ತಾನೆ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಅಣೆಕಟ್ಟು ಮುಗಿದದ್ದು 1964ರಲ್ಲಿ. ನಲವತ್ತೈದರ ತಮ್ಮ ಮುಳುಗಿದ ಮನೆಯ ಜಗಲಿಯನ್ನು ನೆನೆಸಿಕೊಳ್ಳುವುದು ಸಾಧ್ಯವಿಲ್ಲ. ಆ ನೆನಪು ತಾಯಿಯದು. ಒಮ್ಮೆ ಎಬ್ಬಿಸಲ್ಪಟ್ಟ ಆಕೆ ಈ ನೆಲವನ್ನು ತುಂಡು ಮಾಡಲು ಒಪ್ಪುತ್ತಾಳೆಯೇ? ಅದಿರಲಿ, ಶರಾವತಿ ಸಂತ್ರಸ್ತರಲ್ಲಿ ಅನೇಕರಿಗೆ ಇಂದಿಗೂ ಹಕ್ಕುಪತ್ರ ಸಿಕ್ಕಿಲ್ಲ. ನಿಮ್ಮ ಕುಟುಂಬವೂ ಅವರಲ್ಲಿ ಒಂದಾದರೆ, ಇಲ್ಲದ ದಾಖಲೆಯ ಮೇಲೆ ಅಣ್ಣತಮ್ಮಂದಿರು ಯಾವ ಹಿಸ್ಸೆಯನ್ನು ನೋಂದಾಯಿಸುತ್ತಾರೆ? ನೀವು ಹುಡುಕುತ್ತಿರುವ ಸಂಘರ್ಷ ನಿಮ್ಮ ಕಥೆಯ ನೆಲದಲ್ಲೇ ಇದ್ದರೂ ಅದನ್ನು ದಾಟಿಕೊಂಡು ಹೋಗಿದ್ದೀರಿ ಎಂಬುದೇ ನನ್ನ ಬೇಸರ.

ಯೋಜನೆಯ ಹಾಳೆಯಲ್ಲಿ ಪ್ರತಿ ದೃಶ್ಯದ ಪಕ್ಕದಲ್ಲಿ ಯಾರಿಗೆ ಏನು ಬೇಕು, ಅದನ್ನು ತಡೆಯುವವರು ಯಾರು, ದೃಶ್ಯ ಮುಗಿಯುವ ಹೊತ್ತಿಗೆ ಮತ್ತೆ ಸರಿಪಡಿಸಲಾಗದಂತೆ ಏನು ಬದಲಾಯಿತು ಎಂದು ಬರೆದುಕೊಳ್ಳಿ. ಉತ್ತರ ಸಿಗದ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಬೇರೊಂದರೊಳಗೆ ಸೇರಬೇಕು. ನನ್ನ ಲೆಕ್ಕದಲ್ಲಿ ಇಪ್ಪತ್ತೆರಡರಲ್ಲಿ ಎಂಟು ಹಾಗೆ ಸೇರುತ್ತವೆ.

ಸದ್ಯಕ್ಕೆ ಒಂಬತ್ತನೆಯ ದೃಶ್ಯವನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ತಾಯಿಯೂ ಅದರಲ್ಲಿ ಇರಲಿ.

ಇಂತು,
ಸಂಪಾದಕ